ಹುಲ್ಲು ಒಣಗಿದ ಮೇಲೆ

ಅಮೆರಿಕದ ಬಯಲುಗಳಲ್ಲಿ ಹಿಂಡು ಸಾಕುವವನಿಗೆ ಹುಲ್ಲೇ ಬೆಳೆ. ಬರದಿಂದ ಅದು ಒಣಗಿದರೆ, ಮೇವಿನ ವೆಚ್ಚದಲ್ಲಿ ನೂರಕ್ಕೆ 60 ಪಾಲನ್ನು ಕೆಲವು ತಿಂಗಳ ಮಟ್ಟಿಗೆ ಸರಕಾರವೇ ಭರಿಸುವ ಯೋಜನೆ 2008ರ ಕೃಷಿ ಕಾಯಿದೆಯಿಂದ ಜಾರಿಗೆ ಬಂದಿತು. ಲೆಕ್ಕದ ಕ್ರಮ ಮಾತ್ರ ವಿಚಿತ್ರ. ಹುಲ್ಲನ್ನು ಅಳೆದು ನೋಡುವ ಗೋಜಿಲ್ಲ. ಪ್ರತಿ ಗುರುವಾರ ಹೊರಡುವ ಬರದ ನಕ್ಷೆಯಲ್ಲಿ ಕೌಂಟಿಯ, ಎಂದರೆ ಜಿಲ್ಲೆಯ, ಒಂದು ಮೂಲೆಗೆ ಕೆಂಪು ಬಣ್ಣ ತಾಗಿದರೂ ಇಡೀ ಕೌಂಟಿಗೆ ಪರಿಹಾರ. ಬೇಲಿಯಾಚೆ ಇನ್ನೊಂದು ಕೌಂಟಿಯಲ್ಲಿರುವ ನೆರೆಯವನಿಗೆ, ಹುಲ್ಲು ಅಷ್ಟೇ ಒಣಗಿದ್ದರೂ, ಬರಿಗೈಯಾಗಬಹುದು.

ನಕ್ಷೆಗಿಂತಲೂ ಕ್ರೂರವಾದುದು ಪಂಚಾಂಗ. 2011ರಲ್ಲಿ ಟೆಕ್ಸಾಸ್ ಹಿಂದೆಂದೂ ಕಾಣದ ಬರದಲ್ಲಿ ಬೇಯುತ್ತಿದ್ದಾಗಲೇ, ಸೆಪ್ಟೆಂಬರ್ 30ಕ್ಕೆ ಯೋಜನೆಯ ಅವಧಿ ತೀರಿತು. ಮರುವರ್ಷ ಬರ ದೇಶದ ಬಹುಭಾಗಕ್ಕೆ ಹಬ್ಬಿತು. 2014ರ ಫೆಬ್ರವರಿಯ ಕಾಯಿದೆ ಯೋಜನೆಯನ್ನು ಶಾಶ್ವತಗೊಳಿಸಿ, ನಡುವಿನ ನಷ್ಟಕ್ಕೂ ಹಣ ಕೊಡಲೊಪ್ಪಿತು. ಬರಕ್ಕಂಜಿ ಮಾರಿದ ದನಗಳಿಗೂ ಐದರಲ್ಲಿ ನಾಲ್ಕು ಪಾಲಿನ ಪರಿಹಾರವಿತ್ತಿತು. ಉದಾರವೇ ಸರಿ. ಆದರೆ ಹಸಿದ ಹಸು ಶಾಸನಸಭೆಗಾಗಿ ಎರಡು ವರ್ಷ ಕಾಯುವುದುಂಟೆ? ತಲೆಮಾರುಗಳಿಂದ ಸಾಕಿದ ತಳಿಯ ತಾಯಿಹಸುಗಳನ್ನೂ ಎಷ್ಟೋ ಮಂದಿ ಅದಾಗಲೇ ಸಂತೆಗೆ ಹೊಡೆದಿದ್ದರು. ಆ ವರ್ಷದ ಜನವರಿಯಲ್ಲಿ ದೇಶದ ದನಗಳ ಸಂಖ್ಯೆ ಒಂಬತ್ತು ಕೋಟಿಗೂ ಕೆಳಗಿಳಿದು, ಆರು ದಶಕಗಳಲ್ಲಿ ಕಾಣದಷ್ಟು ಕುಸಿದಿತ್ತು.