ಮತ ಕೇಳುವವರ ಪೂರ್ವಾಪರ

ಸ್ಥಳೀಯ ಚುನಾವಣೆ ಸಮೀಪಿಸಿತೆಂದರೆ ಮಲೆನಾಡಿನ ಪೇಟೆಗಳ ಸರ್ಕಲ್ಲುಗಳಲ್ಲಿ ಫ್ಲೆಕ್ಸುಗಳು ಏಳುತ್ತವೆ. ಎಲ್ಲ ಫ್ಲೆಕ್ಸುಗಳಲ್ಲಿಯೂ ಹೆಸರಿನ ಕೆಳಗೆ ಒಂದೇ ಬಿರುದು: 'ಸಮಾಜಸೇವಕರು'. ಯಾವ ಸೇವೆ, ಯಾವ ಊರಿನಲ್ಲಿ, ಎಷ್ಟು ವರ್ಷ ಎಂಬ ವಿವರ ಮಾತ್ರ ಇರುವುದಿಲ್ಲ. ಮರಳಿನ ವಹಿವಾಟು ನಡೆಸಿದವರೂ ಸಮಾಜಸೇವಕರು, ಮೂರು ತಿಂಗಳ ಹಿಂದೆ ಊರಿಗೆ ಬಂದವರೂ ಸಮಾಜಸೇವಕರು. ಕ್ರಿಕೆಟ್ ಪಂದ್ಯಾವಳಿಗೆ ಟ್ರೋಫಿ, ಗಣೇಶೋತ್ಸವಕ್ಕೆ ಚಂದಾ, ಶಾಲೆಯ ಮಕ್ಕಳಿಗೆ ನೋಟ್‌ಬುಕ್ಕು ಕೊಟ್ಟರೆ ಸೇವೆಯ ಲೆಕ್ಕ ಮುಗಿಯಿತು. ನಾವೂ ಅಷ್ಟಕ್ಕೇ ತೃಪ್ತರಾಗಿ ಮತ ನೀಡಿ ಬರುತ್ತೇವೆ. ಆಮೇಲೆ ಐದು ವರ್ಷ ಗೊಣಗುತ್ತೇವೆ.

ಪೇಟೆಯ ಪುರಸಭೆಗೆ ಯಾರು ಆರಿಸಿ ಬಂದರೆ ಹಳ್ಳಿಯವರಾದ ನಮಗೇನು ಎಂದು ಕೆಲವರು ಕೇಳಬಹುದು. ಶಿರಸಿ ನಗರ ಕುಡಿಯುವ ನೀರಿಗೆ ಕೆಂಗ್ರೆ ಹೊಳೆಯನ್ನು ನೆಚ್ಚಿದೆ. ಮಡಿಕೇರಿಗೆ ಕೂಟುಹೊಳೆ ಬೇಕು, ಚಿಕ್ಕಮಗಳೂರಿಗೆ ಹಿರೇಕೊಳಲೆ ಕೆರೆ ಬೇಕು. ಪೇಟೆಯ ನೀರು ಗುಡ್ಡದ ಕಡೆಯಿಂದ ಇಳಿಯುತ್ತದೆ. ಪೇಟೆಯ ಕಸವಾದರೋ ಹಳ್ಳಿಯ ಅಂಚಿಗೆ ಬಂದು ಬೀಳುತ್ತದೆ. ಆ ಕಸದ ರಾಶಿಯಿಂದ ಮಳೆಗಾಲದಲ್ಲಿ ಸೋರುವ ಕಪ್ಪು ನೀರು ಹಳ್ಳ ಸೇರಿ, ಅಡಿಕೆ ತೋಟದ ಬಾವಿಯನ್ನೂ ಮುಟ್ಟುತ್ತದೆ. ಕಸವನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ವಿಧಿಸಿದವು. ಅದನ್ನು ನಡೆಸುವುದೋ ಬಿಡುವುದೋ ಎಂಬುದು ವಾರ್ಡಿನ ಸದಸ್ಯರ ಮನಸ್ಸಿಗೆ ಸೇರಿದ ಸಂಗತಿಯಾಗಿಬಿಟ್ಟಿದೆ. ಆದ್ದರಿಂದ ಪೇಟೆಯ ಸದಸ್ಯನ ಪೂರ್ವಾಪರ ನಮ್ಮ ಬಾವಿಯ ನೀರಿನ ಪ್ರಶ್ನೆಯೂ ಹೌದು.

ಅಭ್ಯರ್ಥಿಗಳ ಹಿನ್ನೆಲೆ ತಿಳಿಯಲು ಕಾನೂನಿನ ದಾರಿ ಇಲ್ಲವೆಂದಲ್ಲ. ಸುಪ್ರೀಂ ಕೋರ್ಟು 2002 ಹಾಗೂ 2003ರಲ್ಲಿ ನೀಡಿದ ತೀರ್ಪುಗಳಿಂದಾಗಿ ಸಂಸತ್ತಿಗೂ ವಿಧಾನಸಭೆಗೂ ಸ್ಪರ್ಧಿಸುವವರು ತಮ್ಮ ಮೇಲಿನ ಕ್ರಿಮಿನಲ್ ಮೊಕದ್ದಮೆ, ಆಸ್ತಿ, ಸಾಲ ಮತ್ತು ವಿದ್ಯಾರ್ಹತೆಗಳನ್ನು ಪ್ರಮಾಣಪತ್ರದಲ್ಲಿ ತಿಳಿಸುವುದು ಕಡ್ಡಾಯವಾಯಿತು. ಸ್ಥಳೀಯ ಸಂಸ್ಥೆಗಳ ಅಭ್ಯರ್ಥಿಗಳಿಂದಲೂ ಇಂಥ ಘೋಷಣೆ ಪಡೆಯುವ ಪದ್ಧತಿ ನಮ್ಮ ರಾಜ್ಯದಲ್ಲಿದೆ. ಇದು ದೊಡ್ಡ ಅನುಕೂಲವೇ. ಆದರೆ ಆ ಕಾಗದದಲ್ಲಿ ಆಸ್ತಿ ಎಷ್ಟೆಂದು ಬರೆದಿರುತ್ತದೆಯೇ ಹೊರತು, ಸೊಪ್ಪಿನಬೆಟ್ಟಕ್ಕೆ ಬೆಂಕಿ ಬಿದ್ದ ದಿನ ಆ ಮನುಷ್ಯ ಎಲ್ಲಿದ್ದ ಎಂದು ಬರೆದಿರುವುದಿಲ್ಲ. ಕರ್ನಾಟಕ ಪುರಸಭೆಗಳ ಕಾಯಿದೆ (1964) ಮತ್ತು ಪಂಚಾಯತ್ ರಾಜ್ ಕಾಯಿದೆ (1993) ಎರಡೂ, ಆಯಾ ಸಂಸ್ಥೆಯ ಗುತ್ತಿಗೆ ಕೆಲಸದಲ್ಲಿ ಪಾಲುಳ್ಳವರು ಸದಸ್ಯರಾಗಿರುವಂತಿಲ್ಲ ಎನ್ನುತ್ತವೆ. ಗುತ್ತಿಗೆ ಭಾವಮೈದುನನ ಹೆಸರಿನಲ್ಲಿದ್ದರೆ? ಅದನ್ನು ಬೆಂಗಳೂರಿನಲ್ಲಿ ಕುಳಿತ ಅಧಿಕಾರಿ ತಿಳಿಯಲಾರ. ಊರವರಿಗೆ ಮಾತ್ರ ಅದು ಗೊತ್ತಿರುತ್ತದೆ.

ಸದಸ್ಯರ ಹಿನ್ನೆಲೆಗೂ ಅವರು ಮುಂದೆ ಮಾಡುವ ಕೆಲಸಕ್ಕೂ ಇರುವ ನಂಟನ್ನು ನೆರೆಯ ರಾಜ್ಯಗಳ ಎರಡು ಪಂಚಾಯಿತಿಗಳಲ್ಲಿ ಕಾಣಬಹುದು. ಚೆನ್ನೈ ಬಳಿಯ ಕುತ್ತಂಬಾಕ್ಕಂನ ಇಳಂಗೋ ದಲಿತ ಕುಟುಂಬದಲ್ಲಿ ಹುಟ್ಟಿ, ರಸಾಯನ ಎಂಜಿನಿಯರಿಂಗ್ ಓದಿದವರು. ಸರ್ಕಾರಿ ಸಂಶೋಧನಾ ಸಂಸ್ಥೆಯ ಕೆಲಸ ಬಿಟ್ಟು ಊರಿಗೆ ಮರಳಿದ ಅವರು 1996ರಲ್ಲಿ ಪಂಚಾಯಿತಿ ಅಧ್ಯಕ್ಷರಾದರು. ಸ್ಥಳೀಯವಾಗಿ ದೊರೆಯುವ ಅಗ್ಗದ ಕಲ್ಲಿನಿಂದ ಚರಂಡಿ ಕಟ್ಟಿಸಿದ ಕಾರಣಕ್ಕೆ ಅಮಾನತನ್ನೂ ಅನುಭವಿಸಿದರು. ಆಗ ಅವರ ಬೆನ್ನಿಗೆ ನಿಂತದ್ದು ಗ್ರಾಮಸಭೆ. ದಲಿತ ಹಾಗೂ ದಲಿತೇತರ ಕುಟುಂಬಗಳು ಒಂದೇ ಗೋಡೆ ಹಂಚಿಕೊಂಡು ಬಾಳುವ ಜೋಡಿ ಮನೆಗಳು ಆ ಊರಿನಲ್ಲಿ ಎದ್ದವು. ಪದವಿಗಿಂತ ಮುಂಚೆ ಊರಿನ ಕಷ್ಟ ಬಲ್ಲವನಾಗಿದ್ದರಿಂದಲೇ ಇದು ಸಾಧ್ಯವಾಯಿತು.

ಎರಡನೆಯದು ಕೇರಳದ ಪಾಲಕ್ಕಾಡ್ ಜಿಲ್ಲೆಯ ಪೆರುಮಾಟ್ಟಿ ಪಂಚಾಯಿತಿ. ಪ್ಲಾಚಿಮಡದಲ್ಲಿ ಕೋಕಾ ಕೋಲಾ ಕಾರ್ಖಾನೆಗೆ 2000ರಲ್ಲಿ ಪರವಾನಗಿ ನೀಡಿದ್ದು ಇದೇ ಪಂಚಾಯಿತಿ. ಬಾವಿಗಳ ನೀರು ಕೆಟ್ಟಾಗ 2002ರ ಏಪ್ರಿಲ್‌ನಲ್ಲಿ ಆದಿವಾಸಿಗಳು ಧರಣಿ ಕುಳಿತರು. ಮುಂದಾಳಾಗಿ ನಿಂತ ಮಯಿಲಮ್ಮ ಯಾವ ಸಭೆಯ ಸದಸ್ಯೆಯೂ ಆಗಿರಲಿಲ್ಲ. ಒಂದು ವರ್ಷದ ನಂತರ, 2003ರ ಏಪ್ರಿಲ್‌ನಲ್ಲಿ, ಅಧ್ಯಕ್ಷ ಎ. ಕೃಷ್ಣನ್ ಅವರ ಪಂಚಾಯಿತಿ ಪರವಾನಗಿ ನವೀಕರಿಸಲು ನಿರಾಕರಿಸಿತು. ತೆರಿಗೆಯ ಆದಾಯ ಹೋಗುವುದೆಂದು ತಿಳಿದೂ ನಿರಾಕರಿಸಿತು. 2004ರ ಮಾರ್ಚ್‌ನಲ್ಲಿ ಕಾರ್ಖಾನೆ ನಿಂತಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸದಸ್ಯರು ಹುಟ್ಟಿನಿಂದಲೇ ಒಳ್ಳೆಯವರಾಗಿ ಬರುವುದಿಲ್ಲ ಎಂಬುದನ್ನು ಪೆರುಮಾಟ್ಟಿ ತೋರಿಸಿತು. ಹೊರಗೆ ಕುಳಿತ ಜನ ಎದ್ದುಹೋಗದಿದ್ದರೆ ಒಳಗೆ ಕುಳಿತವರ ಕೈಯೂ ಸರಿಯಾದ ಕಾಗದಕ್ಕೆ ಸಹಿ ಹಾಕುತ್ತದೆ.

ನಮ್ಮ ರಾಜ್ಯದ ಚರಿತ್ರೆಯೂ ಸಣ್ಣದಲ್ಲ. ಅಬ್ದುಲ್ ನಜೀರ್ ಸಾಬ್ ಅವರ ಆಸ್ಥೆಯಿಂದ ರೂಪುಗೊಂಡ 1983ರ ಕಾಯಿದೆಯಂತೆ 1987ರಲ್ಲಿ ಚುನಾವಣೆ ನಡೆದಾಗ, ಸಂವಿಧಾನ ತಿದ್ದುಪಡಿಗೆ ಮುಂಚೆಯೇ ಮಹಿಳೆಯರಿಗೆ ಶೇಕಡಾ 25ರ ಮೀಸಲಾತಿ ದೊರೆಯಿತು. 2010ರಲ್ಲಿ ಪಂಚಾಯಿತಿಗಳಲ್ಲಿ ಅದು ಅರ್ಧಕ್ಕೇರಿತು. "ಅವರಿಗೇನು ಗೊತ್ತು, ಗಂಡ ಹೇಳಿದಲ್ಲಿ ಸಹಿ ಹಾಕುತ್ತಾರೆ" ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಕೆಲವೆಡೆ ಅದು ನಿಜವೂ ಇರಬಹುದು. ಆದರೆ ನಮ್ಮ ಕಡೆಯ ಗ್ರಾಮಸಭೆಯೊಂದರಲ್ಲಿ ನಾನು ಕಂಡದ್ದು ಬೇರೆ. ರಸ್ತೆ ಕಾಮಗಾರಿಯ ಲೆಕ್ಕ ಓದುವಾಗ ಹಿರಿಯ ಸದಸ್ಯರೆಲ್ಲ ತಲೆದೂಗುತ್ತಿದ್ದರು. ಹಿಂದಿನ ಸಾಲಿನ ಕುರ್ಚಿಯಲ್ಲಿದ್ದ ಸದಸ್ಯೆಯೊಬ್ಬರು ಎದ್ದು, "ಮಣ್ಣು ಎಲ್ಲಿಂದ ತಂದಿರಿ? ಹಳ್ಳದ ದಂಡೆ ಅಗೆದದ್ದು ಯಾರು?" ಎಂದು ಕೇಳಿದರು. ಉತ್ತರ ಬರಲಿಲ್ಲ. ಅವರು ಎರಡನೆಯ ಸಲ ಕೇಳಿದರು. ಆಕೆಯ ಫ್ಲೆಕ್ಸು ಎಲ್ಲಿಯೂ ಇರಲಿಲ್ಲ. ಸ್ತ್ರೀಶಕ್ತಿ ಸಂಘದ ಉಳಿತಾಯದ ಲೆಕ್ಕ ಬರೆದು ಬರೆದು, ಲೆಕ್ಕ ಕೇಳುವ ಧೈರ್ಯ ಅವರಿಗೆ ಬಂದಿತ್ತು. ಸಾರ್ವಜನಿಕ ಸೇವೆಯ ಹಿನ್ನೆಲೆಯೆಂದರೆ ನನ್ನ ಮಟ್ಟಿಗೆ ಇದೇ.

ಆದ್ದರಿಂದ ಮತ ಕೇಳಲು ಮನೆಗೆ ಬಂದವರಿಗೆ ಚಹಾ ಕೊಡೋಣ, ಜೊತೆಗೆ ಕೆಲವು ಪ್ರಶ್ನೆಗಳನ್ನೂ ಕೇಳೋಣ. ಗ್ರಾಮ ಅರಣ್ಯ ಸಮಿತಿ, ಹಾಲಿನ ಸೊಸೈಟಿ, ಶಾಲಾಭಿವೃದ್ಧಿ ಸಮಿತಿ, ಯುವಕ ಮಂಡಲಿ, ಇವುಗಳಲ್ಲಿ ಯಾವುದರಲ್ಲಿ ದುಡಿದಿದ್ದೀರಿ? ಅಲ್ಲಿಯ ಲೆಕ್ಕಪತ್ರ ಸರಿಯಿತ್ತೆ? ಸದಸ್ಯರಾಗುವ ಮುಂಚೆ ಎಷ್ಟು ಗ್ರಾಮಸಭೆಗೆ ಅಥವಾ ವಾರ್ಡ್ ಸಭೆಗೆ ಬಂದಿದ್ದೀರಿ? ಕಲ್ಲುಕ್ವಾರಿ, ಮರಳು, ರೆಸಾರ್ಟು, ನಿವೇಶನಗಳ ವ್ಯವಹಾರದಲ್ಲಿ ನಿಮಗೋ ನಿಮ್ಮ ನೆಂಟರಿಗೋ ಪಾಲಿದೆಯೆ? 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂಬುದನ್ನು ಬಲ್ಲಿರಾ? ಹಸಿರು ನ್ಯಾಯಮಂಡಳಿ 2019ರಲ್ಲಿ ಗಡುವು ವಿಧಿಸಿದ ಮೇಲೆ ಹಲವೆಡೆ ಈ ಸಮಿತಿಗಳು ಅವಸರದಿಂದ ಕಾಗದದ ಮೇಲೆ ಹುಟ್ಟಿದವು. ಅದರ ಸದಸ್ಯರು ಯಾರೆಂದು ಕೇಳಿದರೆ ಸಮಿತಿಯ ಸದಸ್ಯರೇ ಬೆರಗಾಗುವ ಸ್ಥಿತಿ ಇರಬಾರದು.

ಗೆದ್ದ ಮೇಲೂ ನಮ್ಮ ಕೆಲಸ ಮುಗಿಯುವುದಿಲ್ಲ. ಹಾಜರಿ ಪುಸ್ತಕ, ನಡಾವಳಿ ಪುಸ್ತಕ, ಕಾಮಗಾರಿಯ ಅಂದಾಜುಪಟ್ಟಿ ಇವೆಲ್ಲವನ್ನೂ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಿ ಪಡೆಯಬಹುದು. ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಲೆಕ್ಕವನ್ನು ಊರಿನ ಮುಂದೆ ಓದಬೇಕು. ಆ ದಿನ ಸಭೆಯ ಕುರ್ಚಿಗಳು ಖಾಲಿ ಇದ್ದರೆ ತಪ್ಪು ಸದಸ್ಯರೊಬ್ಬರದೇ ಅಲ್ಲ. ಕಾಲೇಜು ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸವಿದೆ. ನಿಮ್ಮ ವಾರ್ಡಿನ ಸದಸ್ಯರು ಕಳೆದ ವರ್ಷ ಎಷ್ಟು ಸಭೆಗೆ ಬಂದರು, ಏನು ಕೇಳಿದರು, ಯಾವ ನಿರ್ಣಯಕ್ಕೆ ವಿರೋಧ ದಾಖಲಿಸಿದರು ಎಂಬುದನ್ನು ಒಂದು ಪುಟದಲ್ಲಿ ಬರೆದು ಊರಿನ ಹಾಲಿನ ಡೈರಿಯ ಗೋಡೆಗೆ ಅಂಟಿಸಿ. ಬೈಗುಳ ಬೇಡ, ಹೊಗಳಿಕೆಯೂ ಬೇಡ. ದಾಖಲೆಯಲ್ಲಿರುವುದಷ್ಟೇ ಸಾಕು. ಒಳ್ಳೆಯ ಕೆಲಸ ಮಾಡಿದವರಿಗೆ ಅದೇ ಗೌರವ, ಮಾಡದವರಿಗೆ ಅದೇ ಎಚ್ಚರಿಕೆ.

ಕೊನೆಗೊಂದು ಮಾತು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆಡಳಿತಾಧಿಕಾರಿಗಳೇ ಎಲ್ಲವನ್ನೂ ನಡೆಸಿದರು. ಹೊಳೆಯ ಪ್ರಶ್ನೆ ಹಿಡಿದು ಹೋದ ಹಳ್ಳಿಗನಿಗೆ ಕೇಳಲು ಒಬ್ಬ ಸದಸ್ಯನೂ ಇರಲಿಲ್ಲ. ಕೆಟ್ಟ ಸದಸ್ಯರ ಬಗ್ಗೆ ಬೇಸತ್ತು, ಸದಸ್ಯರೇ ಬೇಡವೆನ್ನುವ ಮನಸ್ಸು ನಮಗೆ ಬಾರದಿರಲಿ. ನಮ್ಮ ನಡುವೆಯೇ ಕೆರೆಯ ಹೂಳೆತ್ತಿದವರು, ಕಾಡಿನ ಬೆಂಕಿಗೆ ಸೊಪ್ಪು ಬಡಿದವರು, ಸಂಘದ ಲೆಕ್ಕವನ್ನು ಪೈಸೆ ತಪ್ಪದಂತೆ ಇಟ್ಟವರು ಇದ್ದಾರೆ. ಅವರು ಮತ ಕೇಳಲು ಸಂಕೋಚಪಡುತ್ತಾರೆ. ಅವರ ಮನೆಗೆ ನಾವೇ ಹೋಗಿ ನಿಲ್ಲಿರೆಂದು ಕೇಳಬೇಕಾದ ಕಾಲವಿದು.