ಭಟ್ಟರು, ಶೆಫ್ಪು ಮತ್ತು ನಮ್ಮವ್ವ

ಬಿಳಿ ಟೋಪಿಯ ಶೆಫ್‌ನ ಫೋಟೋ ಈಗ ಎಲ್ಲಿ ನೋಡಿದರೂ ಇದೆ. ಶೆಫ್ ಅಂದರೆ ಏನ್ರಪ್ಪಾ? ಫ್ರೆಂಚಿನಲ್ಲಿ ಮುಖ್ಯಸ್ಥ, ಅಷ್ಟೇ. 1870ರ ಯುದ್ಧದಲ್ಲಿ ಸೈನ್ಯಕ್ಕೆ ಅಡುಗೆ ಮಾಡಿದ್ದ ಎಸ್ಕಾಫಿಯೆ, ಮುಂದೆ ಲಂಡನ್ನಿನ ಸವಾಯ್ ಹೋಟೆಲು ಸೇರಿ ಅಡುಗೆಮನೆಯನ್ನೇ ದಂಡಿನಂತೆ ಕಟ್ಟಿದ. ಹುರಿಯೋಕೊಬ್ಬ, ಮೀನಿಗೊಬ್ಬ, ಎಲ್ಲರ ಮೇಲೊಬ್ಬ ಶೆಫ್. ಅದೂ ಮೇಲುಕೀಳಿನ ಏಣಿಯೇ. ಆದರೆ ಕಸುಬು ಕಲಿತವನು ಹತ್ತಬಹುದಾದ ಏಣಿ.

ನಮ್ಮಲ್ಲಿ? ಹೋಟೆಲಿನ ಒಲೆ ಮುಂದೆ ನಿಂತವನು 'ಭಟ್ಟರು'. ಜಾತಿಯ ಹೆಸರೇ ಹುದ್ದೆಯ ಹೆಸರು! 1950ರಲ್ಲಿ ಸಂವಿಧಾನದ 15ನೇ ವಿಧಿ ಹೋಟೆಲಿನ ಮುಂಬಾಗಿಲು ತೆರೆಯಿತು. ಕೂತು ತಿನ್ನೋ ಹಕ್ಕು ಬಂತು. ನಿಂತು ಬೇಯಿಸೋ ಹಕ್ಕು? ಬಹಳವೆಂದರೆ ಎಂಜಲು ತಟ್ಟೆ ತನಕ ನಮ್ಮನ್ನು ಬಿಟ್ಟರು. ಒಲೆ ತನಕ ಬಿಡಲಿಲ್ಲ.

ಈಗ ಸರ್ಕಾರಿ ಶಾಲೆಯ ಬಿಸಿಯೂಟದ ಕೋಣೆಗೆ ಬನ್ನಿ. ಮಕ್ಕಳ ತಲೆ ಎಣಿಸಿ ಅಕ್ಕಿ ಅಳೆಯೋದು, ಸಹಾಯಕಿಯರಿಗೆ ಕೆಲಸ ಹಂಚೋದು, ಗಂಟೆ ಹೊಡೆಯೋ ಹೊತ್ತಿಗೆ ಅನ್ನ ಸಾರು ಇಳಿಸೋದು. ಶೆಫ್ ಮಾಡೋದೂ ಇದನ್ನೇ ಅಲ್ಲವೇ? ಹುದ್ದೆಯ ಹೆಸರೂ 'ಮುಖ್ಯ ಅಡುಗೆಯವರು'. ಈ ಕೆಲಸಕ್ಕೆ ದಲಿತರಿಗೆ ಆದ್ಯತೆ ಕೊಡಿ ಎಂದು 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಮ್ಮವ್ವ ಸೌಟು ಹಿಡಿದಳು. ಹಿಡಿದದ್ದೇ ತಡ, ಊರಿನ ಜಾತಿ ಎದ್ದು ಕೂತಿತು.

ಇದು ಒಂದು ಊರಿನ ರೋಗವಲ್ಲ, ಒಂದು ರಾಜ್ಯದ್ದೂ ಅಲ್ಲ. 2021ರ ಡಿಸೆಂಬರಿನಲ್ಲಿ ಉತ್ತರಾಖಂಡದ ಚಂಪಾವತ್ ಜಿಲ್ಲೆಯ ಶಾಲೆಯೊಂದರಲ್ಲಿ ಮೇಲ್ಜಾತಿಯ ಮಕ್ಕಳು ದಲಿತ ಹೆಂಗಸಿನ ಕೈಯೂಟ ಒಲ್ಲೆ ಅಂದರು. ಅಧಿಕಾರಿಗಳು ಮಾಡಿದ್ದೇನು? ಆಕೆಯನ್ನೇ ತೆಗೆದರು. ಆಗ ದಲಿತ ಮಕ್ಕಳು, ಮೇಲ್ಜಾತಿಯವಳ ಕೈಯೂಟ ನಮಗೂ ಬೇಡ ಅಂದರು. ಆಮೇಲೆ ಆಕೆಗೆ ಕೆಲಸ ಮರಳಿ ಸಿಕ್ಕಿತು. ಅಧಿಕಾರಿಗಳಿಗೆ ಇಲ್ಲದ ಬುದ್ಧಿ ಆ ಮಕ್ಕಳಿಗಿತ್ತು.

ಇನ್ನು ದುಡ್ಡಿನ ಮಾತು. ಶೆಫ್‌ಗೆ ಸಂಬಳ, ನಮ್ಮವ್ವನಿಗೆ 'ಗೌರವಧನ'. 2009ರಲ್ಲಿ ಕೇಂದ್ರ ಗೊತ್ತು ಮಾಡಿದ್ದು ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು. ರಾಜ್ಯ ಮೇಲಷ್ಟು ಸೇರಿಸಿದರೂ ಹೆಸರು ಬದಲಾಗಲಿಲ್ಲ. ಸಂಬಳ ಅಂದರೆ ಪಿಂಚಣಿ ಕೇಳುತ್ತಾಳೆ, ರಜೆ ಕೇಳುತ್ತಾಳೆ. ಗೌರವ ಅಂದುಬಿಟ್ಟರೆ ಕೈ ತೊಳೆದುಕೊಳ್ಳಬಹುದು!

ಗೆಳೆಯರೇ, ಶೆಫ್ ಪದಕ್ಕೆ ಕನ್ನಡ ಹುಡುಕಬೇಕಿಲ್ಲ. ಮುಖ್ಯ ಅಡುಗೆಯವಳು, ಅಷ್ಟೇ. ನಿಮ್ಮ ಬಿಳಿ ಟೋಪಿ ನಮಗೆ ಬೇಡ. ಆಕೆಯನ್ನು ನೌಕರಳೆಂದು ಬರೆಯಿರಿ, ಸಂಬಳ ಕೊಡಿ. ಆಕೆ ಬಡಿಸಿದ ತಟ್ಟೆ ತಳ್ಳಿಸುವ ದೊಡ್ಡವರ ಮೇಲೆ ಕೇಸು ಹಾಕಿ. ಒಲೆಗೆ ಜಾತಿಯಿಲ್ಲ. ಅದರ ಮುಂದೆ ನಿಲ್ಲೋದಕ್ಕೂ ಇರಕೂಡದು.