ಮಕ್ಕಳಿಗೆ ಒಂದೇ ದ್ವೀಪ ಸಾಕು

ಅಂಡಮಾನ್ ಪ್ಯಾಕೇಜುಗಳನ್ನು ನೋಡಿದ್ದೀರಾ? ಐದೇ ದಿನದಲ್ಲಿ ಸೆಲ್ಯುಲಾರ್ ಜೈಲು, ಹ್ಯಾವ್‌ಲಾಕ್, ನೀಲ್, ಬಾರಾಟಾಂಗ್... ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಹೀಗೆ ಓಡೋದು ರಜೆಯಲ್ಲ, ಶಿಕ್ಷೆ ಅಂತೀನಿ ನಾನು. ಬಾರಾಟಾಂಗ್‌ಗಂತೂ ನಸುಕಿಗೂ ಮುಂಚೆ ಎದ್ದು ಹೊರಡಬೇಕು! ಮಕ್ಕಳಿಗೆ ಬೇಕಾದ್ದು ಮರಳು, ನೀರು, ಹೊತ್ತಿಗೆ ಸರಿಯಾಗಿ ಊಟ, ನಿದ್ದೆ. ಅಷ್ಟೇ.

ನೀಲ್ (2018ರಿಂದ ಅದರ ಹೆಸರು ಶಹೀದ್ ದ್ವೀಪ) ಒಂದರಲ್ಲೇ ನಾಲ್ಕು ದಿನ ಇದ್ದುಬಿಡಿ. ಭರತ್‌ಪುರ ಬೀಚಿನಲ್ಲಿ ದಡದ ಹತ್ತಿರ ನೀರು ಆಳವಿಲ್ಲ. ಇಳಿತದ ಹೊತ್ತಲ್ಲಿ ಹವಳದ ಕಲ್ಲು ಕಾಲು ಕೊಯ್ಯುತ್ತೆ, ಮಕ್ಕಳ ಕಾಲಿಗೆ ಚಪ್ಪಲಿ ಇರಲಿ. ಡಿಸೆಂಬರಿನಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು, ಹಾಗಾಗಿ ನೀರಾಟ ಬೆಳಿಗ್ಗೆಯೇ ಮುಗಿಸಿ.

ಅಯ್ಯೋ, ಅದನ್ನು ನೋಡಲಿಲ್ಲವಲ್ಲ ಅಂತ ಕೊರಗೋರು ನಾವು, ಮಕ್ಕಳಲ್ಲ. ನೀವೇನಂತೀರಿ?